ಗ್ಯಾಸ್ ಒಲೆಗೆ ಗೋಮಯ ಸಾರಿಸಬೇಕೇ?

ಪ್ರಶ್ನೆ: ನಮ್ಮ ಮೂಲ ಮನೆ ಕೊಪ್ಪದ ಹತ್ತಿರ. ಈಗ ಬೆಂಗಳೂರಿನ ಫ್ಲಾಟ್‌ನಲ್ಲಿ ಇದ್ದೇವೆ. ಮಾವನವರ ಶ್ರಾದ್ಧ ಮುಂದಿನ ತಿಂಗಳಿದೆ, ಮೊದಲ ಸಲ ಇಲ್ಲಿಯೇ ಮಾಡುತ್ತಿದ್ದೇವೆ. ಅತ್ತೆಯವರು ದಿನಾ ರಾತ್ರಿ ಗ್ಯಾಸ್ ಒಲೆಯ ಮೇಲೆ ಗೋಮಯದ ನೀರು ಹೊಯ್ದು ತೊಳೆಯುತ್ತಾರೆ. ಈಗ ಒಂದು ಬರ್ನರ್ ಹಳದಿಯಾಗಿ ಉರಿಯುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಬೇಡವೆಂದರೆ, "ಮುಸುರೆ ಒಲೆಯಲ್ಲಿ ನಿಮ್ಮ ಮಾವನವರಿಗೆ ಅಡುಗೆ ಮಾಡೋದಿಲ್ಲ, ಯುಟಿಲಿಟಿಯಲ್ಲಿ ಇದ್ದಿಲೊಲೆ ಹಚ್ಚುತ್ತೇನೆ" ಎನ್ನುತ್ತಾರೆ. ಮನೆಯಲ್ಲಿ ದಿನವೂ ಇದೇ ಮಾತು. ಶಾಸ್ತ್ರ ಏನು ಹೇಳುತ್ತದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಅತ್ತೆಯವರ ಶ್ರದ್ಧೆಯಲ್ಲಿ ದೋಷವಿಲ್ಲ. ಅವರು ಬೆಳೆದ ಮನೆಯಲ್ಲಿ ಇದ್ದದ್ದು ಮಣ್ಣಿನ ಒಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳೆಯ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಒಲೆ ಸಾರಿಸಿ, ಬೆಳಿಗ್ಗೆ ಮಿಂದು ಬಂದು ರಂಗೋಲಿ ಎಳೆದೇ ಬೆಂಕಿ ಹಚ್ಚುತ್ತಿದ್ದರು. ಆ ಅಭ್ಯಾಸ ಕೈಬಿಡದೆ ಬಂದಿದೆ, ಅಷ್ಟೇ.

ಆದರೆ ಶಾಸ್ತ್ರ ಎಲ್ಲ ವಸ್ತುವಿಗೂ ಒಂದೇ ಶುದ್ಧಿ ಹೇಳಿಲ್ಲ. ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಪ್ರಕರಣವೇ ಇದೆ. ನೆಲಕ್ಕೆ ಗುಡಿಸುವುದು, ಸಾರಿಸುವುದು. ತಾಮ್ರ, ಕಬ್ಬಿಣ, ಹಿತ್ತಾಳೆಯಂಥ ಲೋಹಗಳಿಗೆ ಕ್ಷಾರ, ಹುಳಿ ಮತ್ತು ನೀರು, ಯಾವುದಕ್ಕೆ ಯಾವುದು ಹೊಂದುತ್ತದೋ ಅದು. ಮಣ್ಣಿನ ಒಲೆ ನೆಲದ ಜಾತಿ, ಅದಕ್ಕೆ ಗೋಮಯ ಸರಿ. ಗ್ಯಾಸ್ ಒಲೆ ಲೋಹದ್ದು. ಹಿತ್ತಾಳೆ ದೀಪಕ್ಕೆ ಯಾರೂ ಸಗಣಿ ಸಾರಿಸುವುದಿಲ್ಲವಲ್ಲ, ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ತಾಮ್ರದ ಹಂಡೆ ಬೆಳಗುವುದೂ ಹಾಗೆಯೇ. ಹಿತ್ತಾಳೆ ಬರ್ನರಿಗೂ ಅದೇ ನ್ಯಾಯ. ಇದನ್ನು ಅತ್ತೆಯವರಿಗೆ ಹೇಳಿ, ಅವರು ಒಪ್ಪುತ್ತಾರೆ.

ಗೋಮಯದ ಸಣ್ಣ ನಾರು ಬರ್ನರಿನ ತೂತುಗಳಲ್ಲಿ ಕೂತರೆ ಅನಿಲಕ್ಕೂ ಗಾಳಿಗೂ ದಾರಿ ಇಲ್ಲ. ಆಗಲೇ ನೀಲಿ ಜ್ವಾಲೆ ಹಳದಿಯಾಗುವುದು, ಮಸಿ ಕಟ್ಟುವುದು. ಮೇಲಿಂದ ಹೊಯ್ದ ನೀರು ಒಳಗಿನ ಕೊಳವೆಗೂ ತಿರುಗುಣಿಗೂ ಇಳಿದು ತುಕ್ಕು ಹಿಡಿಸುತ್ತದೆ. ಗಾಜಿನ ಒಲೆಯಾದರೆ ಬಿಸಿ ಇರುವಾಗ ತಣ್ಣೀರು ಬಿದ್ದು ಒಡೆದೀತು.

ಹೀಗೆ ಮಾಡಿ. ರಾತ್ರಿ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಪೂರ್ತಿ ಆರಲಿ. ಪಾತ್ರೆ ಇಡುವ ಸ್ಟ್ಯಾಂಡು, ಕೆಳಗಿನ ತಟ್ಟೆ ತೆಗೆದು ತೊಳೆಯಿರಿ. ಅನ್ನದ ಗಂಜಿ, ಉಕ್ಕಿದ ಹಾಲು ನಿಲ್ಲುವುದು ಅಲ್ಲೇ, ನಿಜವಾದ ಮುಸುರೆ ಅದು. ಒಲೆಯ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ವಾರಕ್ಕೊಮ್ಮೆ ಹಿತ್ತಾಳೆ ಬರ್ನರನ್ನು ಹುಣಸೆಹಣ್ಣಿನ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ. ನೀರಿನ ಪಸೆ ಇಲ್ಲದಂತೆ ಒಣಗಿದ ಮೇಲೆಯೇ ಕೂರಿಸಿ. ಒಳಗಿನ ಜೆಟ್ಟಿಗೆ ಮಾತ್ರ ಸೂಜಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಅದು ರಿಪೇರಿಯವರ ಕೆಲಸ. ಇಷ್ಟಾದರೂ ಜ್ವಾಲೆ ನೀಲಿಯಾಗದಿದ್ದರೆ ಶ್ರಾದ್ಧಕ್ಕೆ ಮೊದಲೇ ಅವರನ್ನು ಕರೆಸಿ.

ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಬಿರುಕು ಕಂಡರೆ ಕೂಡಲೇ. ಜೋಡಣೆಯ ಜಾಗಕ್ಕೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಲೈಟಿನ ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬಾಯಿಂದ ಬೆಂಕಿ ಊದಬಾರದು ಅಂತ ಸ್ಮೃತಿಯಲ್ಲಿ ಇದೆ. ಗ್ಯಾಸ್ ಒಲೆಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ: ಊದಿದರೆ ಜ್ವಾಲೆ ಆರುತ್ತದೆ, ಅನಿಲ ಬರುತ್ತಲೇ ಇರುತ್ತದೆ. ಹಾಲು ಉಕ್ಕಿ ಆರಿದಾಗಲೂ ಹೀಗೆಯೇ, ಮೊದಲು ತಿರುಗುಣಿ ಬಂದ್ ಮಾಡಿ.

ಇನ್ನು ಇದ್ದಿಲೊಲೆ. ಮುಚ್ಚಿದ ಯುಟಿಲಿಟಿಯಲ್ಲಿ ಖಂಡಿತ ಬೇಡ. ಹಳೆಯ ಅಡುಗೆಮನೆಗೆ ಹೊಗೆ ಹೋಗಲು ದಾರಿ ಇತ್ತು, ಫ್ಲಾಟಿನಲ್ಲಿ ಇಲ್ಲ. ಇದ್ದಿಲಿನಿಂದ ಬರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣವನ್ನೇ ತೆಗೆಯಬಹುದು. ಪಿತೃಕಾರ್ಯಕ್ಕೆ ನಿಂತವರ ಜೀವಕ್ಕೇ ಅಪಾಯ ತರುವ ಮಡಿಯನ್ನು ಯಾವ ಪಿತೃಗಳೂ ಕೇಳುವುದಿಲ್ಲ.

ಶ್ರಾದ್ಧದ ಹಿಂದಿನ ರಾತ್ರಿ ಮೇಲೆ ಹೇಳಿದಂತೆ ಶುದ್ಧಿ ಮಾಡಿ. ಬೆಳಿಗ್ಗೆ ಅತ್ತೆಯವರು ಮಿಂದು ಮಡಿಯುಟ್ಟು, ಒಲೆಯ ಮೈಯನ್ನು ಮಡಿ ಬಟ್ಟೆಯಿಂದ ಒಮ್ಮೆ ಒರೆಸಿ, ದರ್ಭೆಯಿಂದ ಎರಡು ಹನಿ ಪ್ರೋಕ್ಷಿಸಲಿ. ಗೋಮಯ ಬೇಕೆಂದರೆ ಒಲೆಯ ಕೆಳಗಿನ ಕಟ್ಟೆಗೆ ಸ್ವಲ್ಪ ಸವರಿ ಒರೆಸಲಿ. ಮೊದಲ ಉರಿ ಅವರ ಕೈಯಿಂದಲೇ ಹಚ್ಚಿಸಿ. ನಿತ್ಯದಲ್ಲೂ ಅರಿಶಿನ ಕುಂಕುಮ ಒಲೆಯ ಮುಂಭಾಗದ ಅಂಚಿಗೆ ಸಾಕು, ರಂಗೋಲಿ ಕಟ್ಟೆಯ ಮೇಲಿರಲಿ. ಅಗ್ನಿಗೆಂದು ಅನ್ನದ ಅಗುಳನ್ನು ಬರ್ನರಿಗೆ ಹಾಕುವ ರೂಢಿ ಕೆಲವೆಡೆ ಇದೆ, ಅದು ಬೇಡ. ಆಹುತಿಗೆ ಪುಟ್ಟ ತಾಮ್ರದ ಕುಂಡ ಬೇರೆಯೇ ಇರಲಿ. ಶ್ರಾದ್ಧದ ಅಗ್ನಿಕಾರ್ಯವನ್ನು ನಿಮ್ಮ ಪುರೋಹಿತರು ಅದರಲ್ಲಿಯೇ ಮಾಡಿಸುತ್ತಾರೆ.

ಗೃಹಸ್ಥನ ಮನೆಯಲ್ಲಿ ಅರಿವಿಲ್ಲದೆ ಜೀವಹಿಂಸೆ ನಡೆಯುವ ಐದು ಜಾಗಗಳನ್ನು ಪಂಚಸೂನಾ ಎನ್ನುತ್ತಾರೆ. ಅದರಲ್ಲಿ ಒಲೆ ಮೊದಲನೆಯದು. ಜಿಡ್ಡು, ಅಗುಳು ಇಲ್ಲದ ಒಲೆಗೆ ಇರುವೆ, ಜಿರಲೆ ಬರುವುದು ಕಡಿಮೆ, ಬೆಂದು ಸಾಯುವುದೂ ಕಡಿಮೆ. ಅಗ್ನಿಗೆ ಶುಚಿ ಎಂದೇ ಹೆಸರು, ಅವನಿಗೆ ಮೈಲಿಗೆ ಇಲ್ಲ. ಅವನು ಕೂರುವ ಜಾಗವನ್ನು ಚೊಕ್ಕಟ ಇಡುವುದಷ್ಟೇ ನಮ್ಮ ಪಾಲಿನದು.

ಕಡೆಯ ಮಾತು. ಇದನ್ನೆಲ್ಲ ಅತ್ತೆಯವರಿಗೆ ತೀರ್ಪಿನ ಹಾಗೆ ಓದಿ ಹೇಳಬೇಡಿ. ಯಜಮಾನರಿಲ್ಲದ ಮೇಲೆ ಅವರಿಗಾಗಿ ತಾನು ಮಾಡಬಹುದಾದದ್ದು ಇದೊಂದೇ ಎಂದು ಆ ಹಿರಿಯರಿಗೆ ಅನ್ನಿಸಿರಬಹುದು. "ಅತ್ತೆ, ಹುಣಸೆಹಣ್ಣು ನೆನೆಸಿದ್ದೇನೆ, ಬರ್ನರ್ ಬೆಳಗೋಣ ಬನ್ನಿ" ಎಂದು ಜೊತೆಗೆ ಕೂರಿಸಿಕೊಳ್ಳಿ. ಮನಸ್ತಾಪವಿಲ್ಲದ ಮನೆಯಲ್ಲಿ ಬೆಂದ ಅನ್ನವೇ ಪಿತೃಗಳಿಗೆ ತೃಪ್ತಿ. ಶುಭವಾಗಲಿ.