ಅಗಲುವಾಗಿನ ಕಿಡಿ

ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರಕ್ಕೆ ಹೊರಟ ನಮ್ಮ ಹಳೆಯ ಕಾರು ಸಿಂದಗಿ ದಾಟುತ್ತಲೇ ನಿಂತುಬಿಡುತ್ತಿತ್ತು. ಎಂಜಿನ್ನಿನ ಕಾವಿಗೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ, ಕಾರ್ಬೊರೇಟರಿಗೆ ಹನಿಯೂ ಮುಟ್ಟದು. ಅಪ್ಪ ಕುಡಿಯಲು ತಂದ ನೀರಿನಲ್ಲಿ ಅರಿವೆ ಅದ್ದಿ ಪಂಪಿನ ಮೇಲೆ ಹೊದಿಸುತ್ತಿದ್ದ. ಬೇವಿನ ನೆರಳಲ್ಲಿ ಕೂರುತ್ತಿದ್ದೆವು. ಅರಿವೆ ಆರುವಷ್ಟರಲ್ಲಿ ಕಾರಿನ ಸಿಟ್ಟೂ ಇಳಿದಿರುತ್ತಿತ್ತು.

ಅದಕ್ಕೂ ಜಗ್ಗದಿದ್ದರೆ ಪೇಟೆಯಿಂದ ಮಿಸ್ತ್ರಿ ಬರುತ್ತಿದ್ದರು. 'ಕರೆಂಟ್ ಅದನೋ ಇಲ್ಲೋ ಮೊದಲ ನೋಡೂಣ್ರಿ. ಪೆಟ್ರೋಲಿಂದು ಆಮ್ಯಾಲ' ಎನ್ನುತ್ತ ಪ್ಲಗ್ಗಿನ ವೈರು ಕಿತ್ತು, ಎಂಜಿನ್ನಿಗೆ ಹತ್ತಿರ ಹಿಡಿದು ಸೆಲ್ಫ್ ಹೊಡೆಸುವರು. ಕಿಡಿ ನೀಲಿಯಾಗಿ ಹಾರಿದರೆ ಕೈ ಪೆಟ್ರೋಲ್ ಪೈಪಿಗೆ. ಕೆಂಪಾಗಿ ಸೊರಗಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ.

ಅದರೊಳಗೆ ಎರಡು ಪುಟ್ಟ ಲೋಹದ ಬಿಲ್ಲೆಗಳು, ಮಿಸ್ತ್ರಿಯ ಮಾತಿನಲ್ಲಿ 'ಪಾಯಿಂಟ್'. ಅವು ಕೂಡಿದಾಗ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಅಗಲಿದಾಗ ಬ್ಯಾಟರಿಯ 12 ವೋಲ್ಟ್ ಸಾವಿರಾರು ವೋಲ್ಟಾಗಿ ಚಿಮ್ಮುತ್ತದೆ. ಕೂಡುವುದು ಸಿದ್ಧತೆ, ಅಗಲುವುದೇ ಬೆಂಕಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಈ ಅಗಲಿಕೆ 6000 ಸಲ. ಅಗಲಿ ಅಗಲಿ ಒಂದು ಬಿಲ್ಲೆಯಲ್ಲಿ ಕುಳಿ ಬೀಳುತ್ತದೆ. ಅಲ್ಲಿಂದ ಹೋದ ಲೋಹದಲ್ಲಿ ಒಂದಂಶ ಎದುರಿನ ಬಿಲ್ಲೆಯ ಮೇಲೆ ಗುಬುಟಾಗಿ ಕೂರುತ್ತದೆ. ಮಿಸ್ತ್ರಿ ಎರಡನ್ನೂ ಸ್ಯಾಂಡ್ ಪೇಪರಿನಿಂದ ತಿಕ್ಕಿ ಸಮ ಮಾಡುತ್ತಿದ್ದರು. ರಿಪೇರಿಯೂ ಒಂದಿಷ್ಟು ಸವೆಸುವ ಕೆಲಸವೇ.

ಸವೆತವನ್ನು ರೋಗವೆಂದರೆ ಓಟವನ್ನೂ ರೋಗವೆನ್ನಬೇಕಾದೀತು. ಹಾಗೆಂದು ಕಾರನ್ನು ಓಡಿಸದೆ ಕಾಪಾಡಿದರೆ ಪಾಯಿಂಟಿಗೆ ಕಿಲುಬು ಹತ್ತುತ್ತದೆ, ಪೆಟ್ರೋಲ್ ಅಂಟಾಗಿ ಕಾರ್ಬೊರೇಟರಿನ ಜೆಟ್ಟಿನ ಸಣ್ಣ ತೂತನ್ನು ಮುಚ್ಚುತ್ತದೆ. ಓಡಿದರೆ ಸವೆತ, ನಿಂತರೆ ಕಿಲುಬು. ಮನುಷ್ಯನಿಗೆ ಸಿಕ್ಕಿರುವ ಆಯ್ಕೆಯೂ ಇಷ್ಟೇ ಇರಬಹುದೇ?

2014ರಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅದೇ ವರ್ಷ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕೂಡ. ಅಷ್ಟರಲ್ಲಾಗಲೇ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ಸ್, ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಟರು ಬಂದಿದ್ದವು. ದಾರಿಯಲ್ಲಿ ನಿಲ್ಲುವ ಕಷ್ಟ ತಪ್ಪಿತು, ಒಳ್ಳೆಯದೇ ಆಯಿತು. ಕಿಡಿಯ ಬಣ್ಣ ನೋಡಿ ರೋಗ ಹೇಳುವ ಕಣ್ಣಿಗೆ ಮಾತ್ರ ಕೆಲಸವಿಲ್ಲ. ನಾವು ಎಸೆದದ್ದು ಕೆಟ್ಟ ಸಾಮಾನನ್ನೋ, ಕೆಟ್ಟುನಿಂತದ್ದರ ಪಕ್ಕ ಕೂತು ಕಾಯುವ ವ್ಯವಧಾನವನ್ನೋ?

ಅಪ್ಪ ಈಗಿಲ್ಲ, ಕಾರು ಗುಜರಿಗೆ ಹೋಯಿತು. ಕೊನೆಯ ಸಲ ಬಿಚ್ಚಿದ ಪಾಯಿಂಟಿನ ಜೋಡಿ ಒಂದು ಡಬ್ಬಿಯಲ್ಲಿ ಉಳಿದಿದೆ. ಒಂದರಲ್ಲಿ ಕುಳಿ, ಇನ್ನೊಂದರಲ್ಲಿ ಗುಬುಟು. ಬೆರಳಲ್ಲಿ ಒತ್ತಿ ಹಿಡಿದರೆ ಈಗಲೂ ಒಂದರೊಳಗೊಂದು ಕೂರುತ್ತವೆ.