ಋಣವಲ್ಲದ ಋಣ



ಋಣವೆಂಬುದು ನಮ್ಮ ಬಾಳಿನಲ್ಲಿ ಬಲು ಭಾರವಾದ ಶಬ್ದ. ತಾಯಿಯ ಋಣ, ಗುರುವಿನ ಋಣ, ಉಂಡ ಅನ್ನದ ಋಣ ಎಂದೊಡನೆ ತಲೆ ತಾನಾಗಿಯೇ ಬಾಗುತ್ತದೆ. ಹಾಗೆ ಬಾಗುವುದು ಮನುಷ್ಯನಿಗೆ ಭೂಷಣವೇ ಹೌದು. ಆದರೆ ನಾವು ಪಡೆಯದೆ ಇದ್ದ ಸಾಲವೊಂದು ನಮ್ಮ ಹೆಸರಿನ ಮುಂದೆ ಬರೆಯಲ್ಪಟ್ಟಾಗಲೂ ತಲೆ ಬಾಗಬೇಕೆ? ಅಲ್ಪ ಮೊತ್ತವೆಂದು ಬಿಟ್ಟುಬಿಡುವುದು ವೈರಾಗ್ಯವೆ? ಬಿಡದೆ ಕೇಳುವುದು ಲೋಭವೆ? ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ನಮಗೂ ಹಾಗೆಯೇ ಕಂಡಿತ್ತು. ನಮ್ಮ ತಿಳಿವಳಿಕೆಯನ್ನು ತಿದ್ದಿದ ಪ್ರಸಂಗವೊಂದನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ.

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸ. ಕಮಲಾಪುರದ ಹತ್ತಿರದ ಹಳ್ಳಿಯೊಂದರಿಂದ ತಾಯಿ-ಮಗ ಇಬ್ಬರು ಕಲಬುರಗಿಯಲ್ಲಿ ನಮ್ಮನ್ನು ಕಾಣಲು ಬಂದರು. ಮಗನು ನಮ್ಮ ಪ್ರಸಾದ ನಿಲಯದಲ್ಲಿಯೇ ಇದ್ದು ಓದಿದವನು. ಈಗ ಒಂದಿಷ್ಟು ತೊಗರಿ, ಒಂದಿಷ್ಟು ಕೆಂಪು ಬಾಳೆ ಬೆಳೆಯುವ ಒಕ್ಕಲಿಗ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆತಿರುವುದನ್ನು ನೀವು ಬಲ್ಲಿರಿ. ಹಣ್ಣಿಗೆ ಮನ್ನಣೆ ಬಂದರೂ ಬೆಳೆದವನ ಕೈಯಲ್ಲಿ ರೊಕ್ಕ ನಿಲ್ಲುವುದು ಕಷ್ಟವೇ. ಅಂದು ಅವನು ಕೋಪದಿಂದ ಕುದಿಯುತ್ತಿದ್ದನು. ನಗರದ ಬ್ಯಾಂಕಿನ ಶಾಖೆಯಲ್ಲಿ ಕಿಟಕಿಯ ಹಿಂದಿದ್ದ ತರುಣ ಗುಮಾಸ್ತನೊಂದಿಗೆ ಕೂಗಾಡಿ ನೇರವಾಗಿ ಮಠಕ್ಕೆ ಬಂದಿದ್ದನು.

ಆದದ್ದಿಷ್ಟು. ತಾಯಿಯ ಉಳಿತಾಯ ಖಾತೆಯಲ್ಲಿ 177 ರೂಪಾಯಿ ಇದ್ದವು. ಆ ಖಾತೆಗೆ ಕನಿಷ್ಠ ಶಿಲ್ಕು ಒಂದು ಸಾವಿರ ರೂಪಾಯಿ. ಅಷ್ಟು ಇರಲಿಲ್ಲವೆಂದು ತಿಂಗಳಿಗೆ 50 ರೂಪಾಯಿ ದಂಡ, ಅದರ ಮೇಲೆ ತೆರಿಗೆ 9 ರೂಪಾಯಿ, ಹೀಗೆ 59 ರೂಪಾಯಿಯಂತೆ ಎಂಟು ತಿಂಗಳು ಕಡಿತವಾಗಿ ಒಟ್ಟು 472 ರೂಪಾಯಿ ಖರ್ಚು ಬಿದ್ದಿತ್ತು. ಇದ್ದದ್ದು 177, ಹೋದದ್ದು 472. ಖಾತೆ ಸೊನ್ನೆಯನ್ನು ದಾಟಿ ಕೆಳಗಿಳಿದು, ಒಂದು ರೂಪಾಯಿಯನ್ನೂ ಸಾಲವಾಗಿ ಪಡೆಯದ ಆ ತಾಯಿ 295 ರೂಪಾಯಿಯ ಸಾಲಗಾರಳಾಗಿದ್ದಳು. ತಾಯಿಯ ಔಷಧಕ್ಕೆಂದು ಮಗನು ಎರಡು ಸಾವಿರ ಜಮೆ ಮಾಡಿದಾಗ ಪಾಸ್‌ಪುಸ್ತಕದಲ್ಲಿ ಉಳಿದದ್ದು 1,705 ಮಾತ್ರ. ಇದ್ದುದಕ್ಕಿಂತ ಹೆಚ್ಚು ಹಣ ತೆಗೆದರೆ ಬ್ಯಾಂಕಿನ ಭಾಷೆಯಲ್ಲಿ ಅದು ಓವರ್‌ಡ್ರಾಫ್ಟ್. ಇಲ್ಲಿ ತೆಗೆದವಳು ತಾಯಿಯಲ್ಲ. ತೆಗೆದದ್ದೂ ದಂಡವೇ, ಸಾಲವಾದದ್ದೂ ದಂಡವೇ.

ತಾಯಿ ಮಾತ್ರ ಶಾಂತಳಾಗಿದ್ದಳು. “ಹೋಗಲಿ ಬಿಡ್ರಿ ಅಪ್ಪಾರ, ದೊಡ್ಡವರ ಸಂಗಟ ನಮಗ್ಯಾಕ ಜಗಳ? ಹೋದದ್ದು ಹೋಯ್ತು, ಶರಣಬಸಪ್ಪ ಕೊಟ್ಟಾನು” ಎಂದಳು. ನಮಗೆ ಆ ಮಾತು ಹಿಡಿಸಿತು. ಮಗನ ಕಡೆ ತಿರುಗಿ, ತಾಯಿಯ ಸಮಾಧಾನವನ್ನು ನೋಡಿ ಕಲಿ, ಅಲ್ಪ ಹಣಕ್ಕಾಗಿ ಮನಸ್ಸಿನ ನೆಮ್ಮದಿಯನ್ನು ಕೆಡಿಸಿಕೊಳ್ಳಬೇಡ ಎಂದು ಬೋಧಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿಯೇ ಕೇಳಿದನು: “ಅಪ್ಪಾರ, ಇದು ಮಠದ ಖಾತ್ಯಾಗಿಂದ ಹೋಗಿದ್ರ ನೀವು ಹೀಂಗೇ ಅಂತಿದ್ರೇನ್ರಿ?”

ನಾವು ನಿರುತ್ತರರಾದೆವು. ಅದರ ಹಿಂದಿನ ವರ್ಷವೇ ಮಠದ ಖಾತೆಯಲ್ಲಿ ತಪ್ಪಾಗಿ ಬಿದ್ದ ಖರ್ಚೊಂದನ್ನು ನಮ್ಮ ಲೆಕ್ಕಪರಿಶೋಧಕರು ಪತ್ರ ಬರೆದು ಮರಳಿ ಜಮೆ ಮಾಡಿಸಿದ್ದರು. ಆ ಪತ್ರಕ್ಕೆ ಸಹಿ ಮಾಡಿದವರು ನಾವೇ. ಮಠದ ಹಣಕ್ಕೆ ನ್ಯಾಯ, ಬಡವಳ ಹಣಕ್ಕೆ ವೈರಾಗ್ಯ ಎಂಬ ಎರಡು ತಕ್ಕಡಿ ನಮ್ಮ ಕೈಯಲ್ಲಿಯೇ ಇದ್ದವು. ಅನ್ಯರಿಗೆ ತ್ಯಾಗವನ್ನು ಬೋಧಿಸುವುದು ಬಲು ಸುಲಭ, ಸದ್ಭಕ್ತರೇ. ಅಂದಿನಿಂದ ಈ ವಿಷಯವನ್ನು ನಾವು ಮನನ ಮಾಡುತ್ತ ಬಂದಿದ್ದೇವೆ.

ಮೊದಲನೆಯದಾಗಿ, ಬಿಡುವುದೆಂದರೇನು? ಪಡೆಯಲು ಶಕ್ತನಾಗಿದ್ದೂ ಬಿಟ್ಟವನು ತ್ಯಾಗಿ. ಪಡೆಯುವ ದಾರಿಯೇ ತಿಳಿಯದೆ ಬಿಟ್ಟವನು ತ್ಯಾಗಿಯಲ್ಲ, ಅಸಹಾಯಕ. ತನ್ನ ಪಾಲಿಗಿಂತ ಕಡಿಮೆ ತೆಗೆದುಕೊಳ್ಳುವವನು ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾನೆಯೇ ಎಂಬ ಪ್ರಶ್ನೆಯನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಎತ್ತಿದ್ದಾನೆ. ಅವನು ತಾನಾಗಿ ಇಚ್ಛಿಸಿ ಹಾಗೆ ಮಾಡಿದ್ದರೆ ಅನ್ಯಾಯವಾಗದು ಎಂಬುದು ಅವನ ವಿಚಾರದ ಒಲವು. ಇಲ್ಲಿ ಮುಖ್ಯವಾದುದು ಇಚ್ಛೆ. ನಮ್ಮ ಹಳ್ಳಿಯ ತಾಯಿ ಇಚ್ಛಿಸಿ ಬಿಟ್ಟಳೇ? “ದೊಡ್ಡವರ ಸಂಗಟ ಜಗಳ ಯಾಕೆ” ಎಂಬ ಮಾತಿನಲ್ಲಿದ್ದುದು ಇಚ್ಛೆಯಲ್ಲ, ಅಂಜಿಕೆ. ಅಂಜಿಕೆಗೆ ಕಾವಿ ಉಡಿಸಿ ವೈರಾಗ್ಯವೆಂದು ಕರೆದವರು ನಾವು.

ಎರಡನೆಯದಾಗಿ, ಹಣ ಯಾರದು? ಶರಣರ ಕಾಯಕತತ್ತ್ವದಲ್ಲಿ ದುಡಿದು ಬಂದುದು ಕೇವಲ ದುಡಿದವನ ಸ್ವತ್ತಲ್ಲ. ಅದರಲ್ಲಿ ದಾಸೋಹದ ಪಾಲಿದೆ. ಕಾಯಕದ ಫಲಕ್ಕೆ ನಾವು ಒಡೆಯರಲ್ಲ, ಕಾವಲುಗಾರರು. ಒಡೆಯನು ತನ್ನದನ್ನು ಚೆಲ್ಲಿಯಾನು. ಕಾವಲುಗಾರನಿಗೆ ಆ ಅಧಿಕಾರವಿಲ್ಲ.

ಮೂರನೆಯದಾಗಿ, ನಾವು ಬಿಟ್ಟ ಹನಿ ಎಲ್ಲಿಗೆ ಹೋಗುತ್ತದೆ? ಹನಿ ಹನಿ ಕೂಡಿದರೆ ಹಳ್ಳ. ಭಾರತೀಯ ಸ್ಟೇಟ್ ಬ್ಯಾಂಕು 2017ರ ಏಪ್ರಿಲ್‌ನಲ್ಲಿ ಕನಿಷ್ಠ ಶಿಲ್ಕಿನ ದಂಡವನ್ನು ಮತ್ತೆ ಜಾರಿಗೆ ತಂದು, ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ 1,771 ಕೋಟಿ ರೂಪಾಯಿಗಳನ್ನು ವಸೂಲು ಮಾಡಿತು. ಅದು ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕು ಗಳಿಸಿದ ಲಾಭಕ್ಕಿಂತ ಹೆಚ್ಚಿನ ಮೊತ್ತ. ಕನಿಷ್ಠ ಶಿಲ್ಕನ್ನೂ ಉಳಿಸಿಕೊಳ್ಳದವರಿಂದಲೇ ಇಷ್ಟು ಹಣ ಬಂದಿತೆಂಬುದು ವಿಚಾರಮಾಡಬೇಕಾದ ಸಂಗತಿ. ಜನರು ಆಕ್ಷೇಪಿಸಿದರು, ಪತ್ರಿಕೆಗಳು ಬರೆದವು, ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ದಂಡದ ದರ ಇಳಿಯಿತು. 2020ರ ಮಾರ್ಚ್‌ನಲ್ಲಿ ಆ ಬ್ಯಾಂಕು ದಂಡವನ್ನೇ ರದ್ದುಮಾಡಿತು. ನಮ್ಮ ನಾಡಿನಲ್ಲಿಯೇ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಅದನ್ನು ಕೈಬಿಟ್ಟಿತು. ಕೇಳಿದವರಿಂದ ಕೇಳದವರಿಗೂ ಉಪಕಾರವಾಯಿತು. ಕೇಳುವುದೂ ಒಂದು ಬಗೆಯ ದಾಸೋಹವೆಂದು ಇದರಿಂದ ತಿಳಿಯಬಹುದು.

ಕಾನೂನು ಒಪ್ಪಿದ ಮೇಲೆ ಕೇಳುವುದೇನಿದೆ ಎಂದು ಕೆಲವರು ಹೇಳುವರು. ಬ್ರಿಟನ್ನಿನಲ್ಲಿ ಇಂಥ ಓವರ್‌ಡ್ರಾಫ್ಟ್ ಶುಲ್ಕಗಳ ಮೇಲೆ ಗ್ರಾಹಕರು ದೊಡ್ಡ ಹೋರಾಟವನ್ನೇ ನಡೆಸಿದರು. 2009ರ ನವೆಂಬರ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬ್ಯಾಂಕುಗಳ ಪರವಾಗಿಯೇ ಬಂದಿತು. ಆದರೆ ನ್ಯಾಯಾಲಯವು ಹೇಳಿದ್ದು, ಶುಲ್ಕದ ಮೊತ್ತವನ್ನು ಆ ನಿಯಮದ ಅಡಿಯಲ್ಲಿ ಹಾಗೆ ಪರೀಕ್ಷಿಸಲು ಬಾರದೆಂದೇ ಹೊರತು ಶುಲ್ಕ ನ್ಯಾಯವಾದುದೆಂದು ಅಲ್ಲ. ಜನರ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. 2020ರ ಏಪ್ರಿಲ್‌ನಿಂದ ಅಲ್ಲಿಯ ನಿಯಂತ್ರಣ ಸಂಸ್ಥೆಯು ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ನಿಗದಿತ ಶುಲ್ಕಗಳನ್ನು ನಿಷೇಧಿಸಿತು. ಕಾನೂನು ಧರ್ಮದ ಹಿಂದೆ ಹಿಂದೆ ನಡೆದುಬರುತ್ತದೆ. ಕೈಹಿಡಿದು ಕರೆತರುವವರು ಬೇಕು.

ಇನ್ನು ನಮ್ಮ ದೇಶದಲ್ಲಿ ಈ ಕುರಿತು ನಿಯಮವು ಸ್ಪಷ್ಟವಾಗಿಯೇ ಇದೆ. 2014ರ ನವೆಂಬರ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಹೊರಡಿಸಿದ, 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸೂಚನೆಯಂತೆ, ಶಿಲ್ಕು ಕಡಿಮೆಯಾದಾಗ ಬ್ಯಾಂಕು ಮೊದಲು ಗ್ರಾಹಕನಿಗೆ ತಿಳಿಸಿ ಒಂದು ತಿಂಗಳಿಗೆ ಕಡಿಮೆಯಾಗದ ಅವಕಾಶ ಕೊಡಬೇಕು. ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಂತೆ ದಂಡವಿರಬೇಕು. ಮತ್ತು ಕೇವಲ ಈ ದಂಡದ ಕಾರಣದಿಂದ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದು. ನಿಯಮವನ್ನು ಓದಿದಾಗ ಮಗನ ಮುಖ ಅರಳಿತು. ಒಟ್ಟು 472 ರೂಪಾಯಿಯನ್ನೂ ಕೇಳೋಣ, ನಮಗೆ ಯಾವ ಸೂಚನೆಯೂ ಬಂದಿಲ್ಲವೆಂದು ಬರೆಯೋಣ ಎಂದನು.

ಆಗ ಅದುವರೆಗೆ ಸುಮ್ಮನಿದ್ದ ತಾಯಿ ಮಾತಾಡಿದಳು: “ಮೊಬೈಲ್ ನಂಬರ ಬದಲಿ ಮಾಡಿದಾವ ನೀನಲ್ಲೇನು? ಬ್ಯಾಂಕಿಗೆ ಹೇಳಬೇಕಾಗಿದ್ದವರು ನಾವು. ಅವರು ಹೇಳಿಲ್ಲಂತ ಯಾಕ ಬರೀತಿ?”

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ತಿಳಿದುದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಅಂದು ನಮ್ಮೆದುರು ಕುಳಿತ ಅಕ್ಷರ ಬಾರದ ತಾಯಿಯ ಬಾಯಲ್ಲಿ ಆ ಧ್ವನಿಯೇ ಕೇಳಿಬಂದಿತು. ತನ್ನದಲ್ಲದುದನ್ನು ಬ್ಯಾಂಕು ಇಟ್ಟುಕೊಳ್ಳಬಾರದು ಎನ್ನುವವನು, ತನ್ನದಲ್ಲದುದನ್ನು ತಾನೂ ಕೇಳಬಾರದು. ಒಂದೇ ತಕ್ಕಡಿ, ಒಂದೇ ತೂಕ. ಈ ನಿಷ್ಠೆಯೇ ನ್ಯಾಯವನ್ನು ಲೋಭದಿಂದ ಬೇರ್ಪಡಿಸುವ ಗೆರೆ.

ಆದುದರಿಂದ ಪತ್ರದಲ್ಲಿ ಇದ್ದುದನ್ನು ಇದ್ದಂತೆ ಬರೆಯಿಸಿದೆವು. ದೂರವಾಣಿ ಸಂಖ್ಯೆ ಬದಲಾದುದನ್ನು ತಿಳಿಸದೆ ಇದ್ದುದು ನಮ್ಮ ತಪ್ಪು. ಸೊನ್ನೆಯಾಗುವ ತನಕ ಕಡಿತವಾದ 177 ರೂಪಾಯಿಯನ್ನು ಕೇಳುವುದಿಲ್ಲ. ಸೊನ್ನೆಯಿಂದ ಕೆಳಗೆ ಹಾಕಿದ 295 ರೂಪಾಯಿ ನಿಯಮಕ್ಕೆ ವಿರುದ್ಧ; ಅದನ್ನು ಮರಳಿ ಜಮೆ ಮಾಡಬೇಕು. ಕನಿಷ್ಠ ಶಿಲ್ಕಿನ ಕಟ್ಟಳೆಯಿಲ್ಲದ ಮೂಲ ಉಳಿತಾಯ ಖಾತೆಯಾಗಿ ಇದನ್ನು ಪರಿವರ್ತಿಸಬೇಕು. ಪತ್ರದ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಖೆಯ ಮುದ್ರೆ, ದಿನಾಂಕ ಹಾಕಿಸಿಕೊಂಡು ಬರಲು ಹೇಳಿದೆವು. ಜೊತೆಗೆ ಇನ್ನೊಂದು ಕೆಲಸವನ್ನೂ ಹೇಳಿದೆವು: ಕೂಗಾಡಿಸಿಕೊಂಡ ಆ ತರುಣ ಗುಮಾಸ್ತನ ಕ್ಷಮೆ ಕೇಳುವುದು. ದಂಡವನ್ನು ವಿಧಿಸಿದವನು ಅವನಲ್ಲ. ಕಿಟಕಿಯ ಹಿಂದೆ ಕುಳಿತವನೂ ನಮ್ಮಂತೆಯೇ ಹೊಟ್ಟೆಪಾಡಿನ ಕಾಯಕದವನು.

ಹಾಗಾದರೆ ವಿಧಿಸಿದವರು ಯಾರು? ಇದು ಈ ಕಾಲದ ವಿಚಿತ್ರ. ನಿಯಮ ಮಾಡಿದವರು ಆ ತಾಯಿಯನ್ನು ಕಂಡಿಲ್ಲ. ಅವಳನ್ನು ಕಂಡವನು ನಿಯಮವನ್ನು ಮಾಡಿಲ್ಲ. ನಡುವೆ ಗಣಕಯಂತ್ರವು ರಾತ್ರೋರಾತ್ರಿ ಕಳೆಯುತ್ತ ಹೋಗುತ್ತದೆ. ಯಾರೂ ಮಾಡದ ಅನ್ಯಾಯವೊಂದು ನಡೆದುಹೋಗುತ್ತದೆ. ಮುದ್ರೆ ಬಿದ್ದ ಒಂದು ಪತ್ರದ ಮಹತ್ವವಿರುವುದು ಇಲ್ಲಿಯೇ. ಅದನ್ನು ಯಾರಾದರೊಬ್ಬರು ಓದಲೇಬೇಕು, ಹೌದು ಇಲ್ಲವೆನ್ನಲೇಬೇಕು. ಹೆಸರಿಲ್ಲದ ಕೃತ್ಯಕ್ಕೆ ಪತ್ರವು ಒಬ್ಬ ಹೊಣೆಗಾರನನ್ನು ಒದಗಿಸುತ್ತದೆ. ಕೂಗಾಟಕ್ಕೆ ಆ ಶಕ್ತಿಯಿಲ್ಲ. ಮೌನಕ್ಕಂತೂ ಇಲ್ಲವೇ ಇಲ್ಲ.

ಹತ್ತೊಂಬತ್ತನೆಯ ದಿನ 295 ರೂಪಾಯಿ ಖಾತೆಗೆ ಮರಳಿ ಬಂದಿತು. ಬಾರದೆ ಇದ್ದರೂ ದಾರಿ ಮುಗಿಯುತ್ತಿರಲಿಲ್ಲ. ಮೂವತ್ತು ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಇಲ್ಲವೆ ಉತ್ತರವು ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 1995ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ದೇಶಕ್ಕೆಲ್ಲ ಒಂದಾಗುವಂತೆ ಏಕೀಕರಿಸಲಾಯಿತು. 14448 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಇದಲ್ಲದೆ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿಯೂ ಶುಲ್ಕವಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬ್ಯಾಂಕುಗಳಲ್ಲಿ, ಸಹಕಾರಿ ಸಂಘಗಳಲ್ಲಿ ಅಧಿಕಾರಿಗಳಾಗಿದ್ದೀರಿ. ನಿಮಗೊಂದು ಮಾತು. ಯಂತ್ರವು ಕಳೆದ ಲೆಕ್ಕವನ್ನು ಮನುಷ್ಯನು ಒಮ್ಮೆ ನೋಡಬೇಕು. ಕಿಟಕಿಯ ಮುಂದೆ ಕೈಮುಗಿದು ನಿಂತವರು ಕೇಳುವ ತನಕ ಕಾಯಬೇಡಿರಿ. ಕೇಳಲು ಬಾರದವರ ಪರವಾಗಿ ನಿಯಮವನ್ನು ನೀವೇ ನೆನೆಯಿರಿ. ಉಳಿದವರಿಗೆ ನಮ್ಮ ಸೂಚನೆ ಇಷ್ಟೇ: ನಿಮ್ಮ ಊರಿನಲ್ಲಿ ಪಾಸ್‌ಪುಸ್ತಕ ಓದಲು ಬಾರದ ಒಬ್ಬರಿಗಾದರೂ ಅದನ್ನು ಓದಿ ಹೇಳಿರಿ.

ಮರಳಿ ಬಂದ ಹಣದಲ್ಲಿ ಆ ತಾಯಿ ಐದು ರೂಪಾಯಿಯನ್ನು ದಾಸೋಹದ ಪೆಟ್ಟಿಗೆಗೆ ಹಾಕಿ ಹೋದಳು. ಮಠಕ್ಕೆ ಬಂದ ಮೊದಲ ದಿನ ಅವಳು ಬಿಡಹೊರಟದ್ದು ಭಯದಿಂದ, ಈ ದಿನ ಬಿಟ್ಟದ್ದು ಇಚ್ಛೆಯಿಂದ. ಇವೆರಡರ ನಡುವಿನ ಅಂತರವನ್ನು ನಮಗೆ ತೋರಿಸಿಕೊಟ್ಟವಳು ಅವಳೇ.