ಮನೆಗೆ ಹೊರಟವರು

ಎಡ್ವರ್ಡ್ ಮುಂಕ್ ಎಂದರೆ ಸೇತುವೆಯ ಮೇಲೆ ಕಿವಿ ಮುಚ್ಚಿಕೊಂಡು ನಿಂತವನ ಚಿತ್ರವೊಂದೇ ಬಹಳ ಜನಕ್ಕೆ ಗೊತ್ತು. ನಾರ್ವೆಯ ಇದೇ ಕಲಾವಿದ 1913–14ರಲ್ಲಿ ಕೆಲಸ ಬಿಟ್ಟು ಮನೆಗೆ ಹೊರಟ ಕಾರ್ಮಿಕರನ್ನು ಬರೆದ. ಸುಮಾರು ಎರಡು ಮೀಟರ್ ಎತ್ತರದ ಕ್ಯಾನ್ವಾಸು. ಬೀದಿ ತುಂಬ ಜನ, ನೇರ ನಮ್ಮ ಕಡೆಗೇ ಬರುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬನ ಪಾದಗಳ ಒಳಗಿಂದ ರಸ್ತೆ ಕಾಣುತ್ತದೆ. ದುಡಿದು ದುಡಿದು ಅಷ್ಟು ಸವೆದುಹೋಗಿದ್ದಾನೋ, ನಡಿಗೆಯ ರಭಸವೇ ಹಾಗೆ ಕಾಣಿಸುತ್ತಿದೆಯೋ, ಹೇಳುವುದು ಕಷ್ಟ. ಅವರಿಗೆ ದಾರಿ ಬಿಡಬೇಕು ಅನ್ನಿಸುವುದಂತೂ ನಿಜ.

ಮುಂಕ್ ತೀರಿಕೊಂಡದ್ದು 1944ರಲ್ಲಿ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಒಳ್ಳೆಯ ಕಾಗದ, ಬಣ್ಣ ಮಾಸದ ಇಂಕು, ಬೇಕಾದ ಅಳತೆ. ಎರಡು ಮೀಟರಿನ ಜನಜಂಗುಳಿ ಒಂದೂವರೆ ಅಡಿಗೆ ಇಳಿದು ಸೋಫಾದ ಮೇಲೆ ನೇತಾಡುತ್ತದೆ. ಆಗ ದಾರಿ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಚಿತ್ರ ಚಿಕ್ಕದಾಯಿತೆಂದಲ್ಲ, ನಾವು ಬೀದಿಯಿಂದ ಎದ್ದು ಹಾಲ್‌ನಲ್ಲಿ ಬಂದು ಕೂತೆವು. ಶ್ರೀಮಂತರ ಮನೆಯಲ್ಲಿ ಬಡವರ ಚಿತ್ರವೇಕೆ ಎಂಬ ಹಳೆಯ ಗೊಣಗಾಟ ನನ್ನದಲ್ಲ. ಅಚ್ಚಿನ ಬಗ್ಗೆಯೂ ತಕರಾರಿಲ್ಲ: ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಜ್ ಅಚ್ಚಿನ ಚಿತ್ರಗಳನ್ನೇ ಆರಿಸಿಕೊಂಡದ್ದು ಅವು ಅಗ್ಗ, ಹೆಚ್ಚು ಜನರ ಕೈಗೆ ಸಿಗುತ್ತವೆ ಎಂದು. ನೇಕಾರರ ದಂಗೆಯ ಅವಳ ಚಿತ್ರಮಾಲೆಗೆ 1898ರಲ್ಲಿ ತೀರ್ಪುಗಾರರು ಪದಕ ಸೂಚಿಸಿದಾಗ ಕೈಸರ್ ಒಪ್ಪಲಿಲ್ಲ. ಅಂಥ ಚಿತ್ರಕ್ಕೆ ಹೆದರಬೇಕು ಎಂಬುದು ಆ ದೊರೆಗಾದರೂ ಗೊತ್ತಿತ್ತು.

ಬೆಂಗಳೂರಿನ ರಾಜಾಜಿನಗರದಲ್ಲಿ ಕೂತು ಇದನ್ನು ಯೋಚಿಸುವುದಕ್ಕೆ ಕಾರಣವಿದೆ. ಇದು ದುಡಿಯುವವರ ಲೆಕ್ಕ ಹಾಕಿಯೇ ಬೆಳೆದ ಬಡಾವಣೆ. ಇಂಡಸ್ಟ್ರಿಯಲ್ ಟೌನ್ ಇದೆ, ಇಎಸ್‌ಐ ಆಸ್ಪತ್ರೆ ಇದೆ. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಒರಾಯನ್ ಮಾಲ್. ಆದರೂ ಒಳರಸ್ತೆಗಳ ಶೆಡ್ಡುಗಳಲ್ಲಿ ಲೇತು ತಿರುಗುವ ಸದ್ದು ಪೂರ್ತಿ ನಿಂತಿಲ್ಲ. ಆಯುಧಪೂಜೆಯ ದಿನ ಆ ಲೇತಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಎರಡೂ ಕಡೆ ಬಾಳೆಕಂದು. ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಕೆಲಸಗಾರನ ಕೈಗೆ ಕಡ್ಲೆಪುರಿ, ಸ್ವೀಟ್ ಬಾಕ್ಸು. ಹಬ್ಬ ನನಗೂ ಇಷ್ಟ. ಆದರೆ ಅಲ್ಲಿ ಕೆಲಸಕ್ಕೆ ಪೂಜೆಯಿದೆ, ಯಂತ್ರಕ್ಕೆ ಪೂಜೆಯಿದೆ, ದಣಿವಿಗೆ ಮಾತ್ರ ಜಾಗವಿಲ್ಲ. ಕಾಯಕದ ಬಗ್ಗೆ ನಾವು ಎಂಟು ನೂರು ವರ್ಷಗಳಿಂದ ಹೆಮ್ಮೆಪಡುತ್ತಿದ್ದೇವೆ, ಪಡಬೇಕಾದ್ದೇ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ತಮ್ಮ ಕಸುಬನ್ನು ಹೆಸರಿನಲ್ಲೇ ಹೊತ್ತವರು. ಆ ಹೆಮ್ಮೆಯನ್ನು ನಾವು ಇಂದು ಬೋರ್ಡಿಗೆ ಬರೆಸಿ ನೇತುಹಾಕಿರುವ ರೀತಿಯಲ್ಲಿ ಮಾತ್ರ ಮೈಕೈ ನೋವಿನ ಸುಳಿವೇ ಇಲ್ಲ. ಮುಂಕ್ ಇದಕ್ಕೆ ತಿರುವುಮುರುವು. ಅವನ ಜನ ಮಾಡುತ್ತಿದ್ದ ಕೆಲಸ ಏನೆಂಬುದೇ ಚಿತ್ರದಲ್ಲಿ ಇಲ್ಲ. ಕೆಲಸ ಅವರನ್ನು ಏನು ಮಾಡಿತು ಎಂಬುದಷ್ಟೇ ಇದೆ.

ಅವನಿಗೂ ಕಾಣದ್ದೊಂದಿದೆ. ಆ ಬೀದಿಯಲ್ಲಿ ಎದ್ದು ಕಾಣುವವರೆಲ್ಲ ಗಂಡಸರು. ಮನೆ ಎಂದರೆ ಅವರಿಗೆ ಕೆಲಸದ ಕೊನೆ. ನಮ್ಮ ಕಡೆ ಸಂಜೆ ಗಾರ್ಮೆಂಟ್ಸ್ ಬಿಡೋ ಹೊತ್ತಿಗೆ ಮಾಗಡಿ ರೋಡಿನಲ್ಲಿ ನಿಂತು ನೋಡಬೇಕು. ಹೆಗಲಿಗೆ ಊಟದ ಡಬ್ಬಿಯ ಬ್ಯಾಗು, ಮುಡಿಯಲ್ಲಿ ಬೆಳಿಗ್ಗೆ ಮುಡಿದ ಬಾಡಿದ ಹೂವು. ನಡೆಯುತ್ತಲೇ ತಳ್ಳುಗಾಡಿಯಲ್ಲಿ ಸೊಪ್ಪಿಗೆ ಚೌಕಾಸಿ, ನಡೆಯುತ್ತಲೇ ಫೋನಿನಲ್ಲಿ ಮಗುವಿಗೆ ‘ಬಂದೆ ಕಣೋ, ಬಾಗಿಲು ಹಾಕ್ಕೋ’. ಇವರು ಒಂದು ಶಿಫ್ಟ್ ಮುಗಿಸಿ ಇನ್ನೊಂದಕ್ಕೆ ಹೊರಟವರು. ಮುಂಕ್‌ನ ಗಂಡಸರು ನಮ್ಮತ್ತ ನೋಡುತ್ತಾರೆ. ಇವರಿಗೆ ಯಾರನ್ನೂ ನೋಡಲು ಪುರುಸೊತ್ತಿಲ್ಲ. ಈ ನಡಿಗೆಯನ್ನು ಎರಡು ಮೀಟರ್ ಎತ್ತರಕ್ಕೆ ಬರೆದರೆ ಪಾದವಷ್ಟೇ ಅಲ್ಲ, ಇಡೀ ಮನುಷ್ಯಳೇ ಪಾರದರ್ಶಕವಾದಾಳು.

ಮುಂಕ್‌ಗೆ ಓಸ್ಲೋದ ಪುರಭವನದ ಗೋಡೆಗೆ ಕಾರ್ಮಿಕರನ್ನು ಬರೆಯುವ ಆಸೆಯಿತ್ತು, ಕೈಗೂಡಲಿಲ್ಲ. ನಮ್ಮಲ್ಲೂ ಅಂಥ ಚಿತ್ರವನ್ನು ಮೆಟ್ರೋ ನಿಲ್ದಾಣದ ಗೋಡೆಗೋ ಇಎಸ್‌ಐ ಆಸ್ಪತ್ರೆಯ ಸಾಲಿನ ಎದುರಿಗೋ ಹಾಕಿದರೆ ಹೇಗೆ ಎಂದು ಅನ್ನಿಸಿದ್ದುಂಟು. ಆದರೆ ದಣಿದವರಿಗೆ ದಣಿವಿನ ಚಿತ್ರ ಯಾಕೆ ಬೇಕು? ರುಮಾಲೆ ಚೆನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಲ್ಲ ಕಂಡು ಮತ್ತೆ ಕುಂಚ ಹಿಡಿದವರು. ಅವರ ಹೆಸರಿನ ಆರ್ಟ್ ಹೌಸ್ ರಾಜಾಜಿನಗರದಲ್ಲೇ ಇದೆ. ಅವರು ಬರೆದದ್ದು ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಕಣ್ಣು ಕೋರೈಸುವ ಬಣ್ಣಗಳಲ್ಲಿ. ಹೊಲಿಗೆ ಮಿಷಿನ್ನಿನ ಮುಂದೆ ದಿನವಿಡೀ ಬಗ್ಗಿ ಕೂತವಳು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ಆ ಮರವನ್ನೇ ಮನೆಗೆ ಒಯ್ದಾಳು ಎಂದು ನನ್ನ ಊಹೆ, ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಮುಂಕ್‌ನ ಪ್ರಿಂಟ್ ಬೇಕಿರುವುದು ಅವಳು ಹೊಲಿದ ಅಂಗಿ ತೊಟ್ಟು ಸೋಫಾದಲ್ಲಿ ಕೂತ ನಮಗೆ. ತರಿಸುವುದಾದರೆ ಗೋಡೆ ಹಿಡಿಸುವಷ್ಟು ದೊಡ್ಡದನ್ನೇ ತರಿಸಬೇಕು. ಸೋಫಾದ ಬೆನ್ನಿಗಲ್ಲ, ಎದುರಿನ ಗೋಡೆಗೆ, ಟೀವಿಯನ್ನು ಅತ್ತ ಸರಿಸಿ.